ಸಾಸಿವೆ ಡಬ್ಬಿಯ ಹಿಂದಿನ ಮಾತ್ರೆ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಸಾಸಿವೆ ಡಬ್ಬಿಯ ಹಿಂದೆ ಇನ್ನೊಂದು ಪುಟ್ಟ ಡಬ್ಬಿ ಇತ್ತು. ಹೊರಗಿನಿಂದ ನೋಡಿದವರಿಗೆ ಅದು ಏಲಕ್ಕಿ ಡಬ್ಬಿ. ಮುಚ್ಚಳ ತೆಗೆದರೆ ಏಲಕ್ಕಿಯ ವಾಸನೆಯೂ ಬರುತ್ತಿತ್ತು. ಮೇಲೆ ನಾಲ್ಕು ಏಲಕ್ಕಿ ಹಾಕಿ ಕೆಳಗೆ ನನ್ನ ಮಾತ್ರೆಯ ಹಾಳೆಯನ್ನು ಮಡಿಸಿಟ್ಟಿದ್ದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಲಿಗೆ ಹೆಪ್ಪು ಹಾಕುವ ನೆಪದಲ್ಲಿ ಒಳಗೆ ಹೋಗಿ, ಒಂದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದು ಬರುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ನನ್ನ ಯಜಮಾನರಿಗೆ ಗೊತ್ತಿತ್ತು. ಅತ್ತೆಗೆ ಗೊತ್ತಿರಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಾವು ಊಟದ ಎಲೆಯ ಪಕ್ಕದಲ್ಲಿಟ್ಟುಕೊಳ್ಳುತ್ತೇವೆ, ಬಂದವರ ಎದುರಿಗೇ ನುಂಗುತ್ತೇವೆ. ಮನಸ್ಸಿನ ಮಾತ್ರೆಗೆ ಮಾತ್ರ ಏಲಕ್ಕಿಯ ವೇಷ ಹಾಕಿಸುತ್ತೇವೆ. ನೀವೂ ಯಾರಾದರೂ ಹೀಗೆ ಮಾಡಿದ್ದರೆ ನನ್ನ ಕಥೆ ನಿಮಗೆ ಹೊಸದಾಗಿ ಕಾಣಲಾರದು.

ಮಾತ್ರೆ ಶುರುವಾದದ್ದು 2016ರಲ್ಲಿ. ಸಾಗರದಿಂದ ಹೊನ್ನಾವರಕ್ಕೆ ಹೋಗುವ ಬಸ್ಸು ಘಟ್ಟ ಇಳಿಯುತ್ತಿತ್ತು. ಇದ್ದಕ್ಕಿದ್ದಂತೆ ಎದೆ ಢವಢವ ಹೊಡೆದುಕೊಳ್ಳತೊಡಗಿತು. ಕೈಕಾಲು ಜೋಮು ಹಿಡಿಯಿತು. ಉಸಿರು ಗಂಟಲಲ್ಲೇ ನಿಂತಂತಾಯಿತು. ಸತ್ತೇ ಹೋಗುತ್ತೇನೆ ಎಂದು ನನಗೆ ಖಾತ್ರಿಯಾಗಿಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ತನ್ನ ಚೀಲದಿಂದ ನಿಂಬೆಹಣ್ಣು ತೆಗೆದು ಮೂಗಿಗೆ ಹಿಡಿದರು. ಹೃದಯದ ಪಟ್ಟಿ ತೆಗೆಸಿದರೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಅದೇ ತಿಂಗಳಲ್ಲಿ ಇನ್ನೂ ನಾಲ್ಕು ಸಲ ಹಾಗಾಯಿತು. ಕೊನೆಗೆ ಶಿವಮೊಗ್ಗದ ಮನೋವೈದ್ಯರೊಬ್ಬರಿಗೆ ತೋರಿಸಿದೆವು. ಕಳ್ಳ ಬಂದಾಗ ಬೊಗಳಬೇಕಾದ ನಾಯಿ ಅಂಗಳದಲ್ಲಿ ತರಗೆಲೆ ಬಿದ್ದರೂ ಬೊಗಳುವುದಿಲ್ಲವೇ, ನಿಮ್ಮ ಮಿದುಳಿನ ಕಾವಲುಗಾರನಿಗೂ ಹಾಗೆ ಆಗಿದೆ ಎಂದರು ಅವರು. ಆ ಮಾತು ನನಗೆ ಹಿಡಿಸಿತು. ಹುಚ್ಚು ಎಂದರೆ ಹೆದರುತ್ತಿದ್ದೆ, ಬೊಗಳುವ ನಾಯಿ ಎಂದರೆ ನಗು ಬಂತು.

ಅವರು ಬರೆದುಕೊಟ್ಟದ್ದು ಒಂದೇ ಮಾತ್ರೆ. ಆದರೆ ಅದರೊಳಗೆ ಎರಡು ಔಷಧಗಳಿದ್ದವು. ಆತಂಕವನ್ನು ನಿಧಾನವಾಗಿ ಹತೋಟಿಗೆ ತರುವ ಎಸಿಟಾಲೋಪ್ರಾಮ್ 10 ಮಿಲಿಗ್ರಾಂ, ತಕ್ಷಣಕ್ಕೆ ಸಮಾಧಾನ ಕೊಟ್ಟು ನಿದ್ದೆ ತರಿಸುವ ಕ್ಲೋನಜೆಪಾಮ್ ಅರ್ಧ ಮಿಲಿಗ್ರಾಂ. ಕೆಲವು ವಾರಗಳ ನಂತರ ಬನ್ನಿ, ಎರಡನೆಯದನ್ನು ಇಳಿಸಿ ತೆಗೆದುಬಿಡೋಣ ಎಂದಿದ್ದರು. ನಾನು ಹೋಗಲಿಲ್ಲ. ಆರಾಮಾಗಿದ್ದೆನಲ್ಲ! ಔಷಧದ ಅಂಗಡಿಯಲ್ಲಿ ಹಳೇ ಚೀಟಿ ತೋರಿಸಿದರೆ ಕೊಡುತ್ತಿದ್ದರು. ಹೀಗಾಗಿ ಕೆಲವು ವಾರ ತೆಗೆದುಕೊಳ್ಳಬೇಕಾಗಿದ್ದನ್ನು ಎರಡು ವರ್ಷ ನುಂಗಿದೆ. ಈ ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ.

ಮದುವೆಯಾಗಿ ಆರು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ನೆಂಟರಿಷ್ಟರು ಕೇಳುವುದನ್ನೂ ಬಿಟ್ಟಿದ್ದರು. 2018ರ ಜೂನ್ ತಿಂಗಳು, ಹೊರಗೆ ಧೋ ಎಂದು ಮಳೆ. ಮುಟ್ಟು ನಿಂತು ಹತ್ತು ದಿನವಾಗಿತ್ತು. ಬಚ್ಚಲುಮನೆಯಲ್ಲಿ ನಿಂತು ಪರೀಕ್ಷೆಯ ಪಟ್ಟಿ ನೋಡಿದೆ, ಎರಡು ಗೆರೆ. ಆ ಕ್ಷಣದ ಸಂತೋಷವನ್ನು ನಾನು ಬರೆಯಲಾರೆ. ಆದರೆ ಅದರ ಬೆನ್ನಿಗೇ ಬಂದ ಇನ್ನೊಂದು ಯೋಚನೆಯನ್ನು ಬರೆಯಲೇಬೇಕು. ಅಯ್ಯೋ, ನಿನ್ನೆ ರಾತ್ರಿಯೂ ಮಾತ್ರೆ ನುಂಗಿದ್ದೇನೆ!

ಓಡಿಹೋಗಿ ಏಲಕ್ಕಿ ಡಬ್ಬಿ ತಂದೆ. ಬಚ್ಚಲೊಲೆಯಲ್ಲಿ ಬೆಂಕಿ ಉರಿಯುತ್ತಿತ್ತು. ಹಾಳೆಗೆ ಹಾಳೆಯನ್ನೇ ಒಲೆಗೆ ಹಾಕಿದೆ. ದೊಡ್ಡ ಪುಣ್ಯದ ಕೆಲಸ ಮಾಡಿದೆ ಎಂದುಕೊಂಡೆ. ಇನ್ನು ನಾನು ಮಾತ್ರೆಯವಳಲ್ಲ, ತಾಯಿ.

ಮೂರು ದಿನ ಏನೂ ಆಗಲಿಲ್ಲ. ನೋಡಿದಿರಾ, ಮಾತ್ರೆಯೇ ಬೇಕಾಗಿರಲಿಲ್ಲ ಎಂದು ಯಜಮಾನರಿಗೆ ಹೇಳಿದೆ. ನಾಲ್ಕನೆಯ ದಿನ ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತೆ ಆಗತೊಡಗಿತು. ಕೈ ನಡುಗಿ ಹಾಲಿನ ಪಾತ್ರೆ ಜಾರಿತು. ನಿದ್ದೆ ಎಂಬುದು ಹೇಳದೆ ಕೇಳದೆ ಮನೆ ಬಿಟ್ಟುಹೋಯಿತು. ಒಂದು ವಾರದ ಹೊತ್ತಿಗೆ ನಾಯಿ ಮತ್ತೆ ಬೊಗಳಲು ಶುರುಮಾಡಿತು, ಮೊದಲಿಗಿಂತ ಜೋರಾಗಿ, ದಿನಕ್ಕೆ ಎರಡು ಮೂರು ಸಲ. ಊಟ ಸೇರದು. ಸೇರಿದ್ದೂ ನಿಲ್ಲದು. ಎರಡೂವರೆ ವಾರದಲ್ಲಿ ಮೂರು ಕಿಲೋ ಇಳಿದೆ. ಮನೆಯವರೆಲ್ಲ ಬಸುರಿಗೆ ಇದೆಲ್ಲ ಸಹಜ, ಮೂರು ತಿಂಗಳು ಕಳೆದರೆ ಸರಿಹೋಗುತ್ತದೆ ಎಂದರು. ವಾಂತಿ ಸಹಜವಿರಬಹುದು. ಆದರೆ ರಾತ್ರಿ ಎರಡು ಗಂಟೆಗೆ ಜಗಲಿಯಲ್ಲಿ ಕೂತು ಮಳೆ ನೋಡುತ್ತಾ ಈ ಮಗುವನ್ನು ಹೊರುವ ಯೋಗ್ಯತೆ ನನಗಿಲ್ಲ ಎಂದುಕೊಳ್ಳುವುದು ಸಹಜವೇ? ಅದನ್ನು ಯಾರಿಗೂ ಹೇಳಲಿಲ್ಲ.

ನಾನು ತೋರಿಸಿಕೊಳ್ಳುತ್ತಿದ್ದ ಹೆರಿಗೆ ಡಾಕ್ಟರಿಗೆ ಮಾತ್ರೆಯ ಸಂಗತಿಯನ್ನು ಧೈರ್ಯ ಮಾಡಿ ಹೇಳಿದೆ. ಅವರು ಹುಬ್ಬು ಗಂಟಿಕ್ಕಿದರು. ನಿಲ್ಲಿಸಿದ್ದು ಒಳ್ಳೆಯದೇ ಆಯಿತು, ಬಸುರಿಯರು ಅಂಥದ್ದನ್ನೆಲ್ಲ ತೆಗೆದುಕೊಳ್ಳಬಾರದು, ಒಳ್ಳೆಯ ಪುಸ್ತಕ ಓದಿ, ಸಂತೋಷವಾಗಿರಿ ಎಂದರು. ಸಂತೋಷವಾಗಿರಿ ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಯಾವ ಅಂಗಡಿಯಲ್ಲಿ ಸಿಕ್ಕೀತು? ಅವರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಹೊರಗೆ ನಲವತ್ತು ಜನ ಕಾಯುತ್ತಿದ್ದರು, ಬೇಡ ಎಂದು ಹೇಳುವುದು ಎಲ್ಲಕ್ಕಿಂತ ಸುಲಭವಾಗಿ ಕಂಡಿತ್ತು. ನನಗೂ ಅದೇ ಸುಲಭವಾಗಿ ಕಂಡಿತ್ತಲ್ಲವೇ? ನೆರೆಮನೆಯ ಹುಡುಗ ಮೊಬೈಲಿನಲ್ಲಿ ಹುಡುಕಿ, ನಿಮ್ಮ ಔಷಧಕ್ಕೆ ಅಮೆರಿಕದವರು ಸಿ ಎಂಬ ಅಕ್ಷರ ಕೊಟ್ಟಿದ್ದಾರೆ ಅಕ್ಕಾ ಎಂದ. ಪರೀಕ್ಷೆಯಲ್ಲಿ ಸಿ ಬಂದವರ ಹಾಗೆ ನನಗೆ ಅಳು ಬಂತು. ಇನ್ನೊಬ್ಬ ಗೆಳತಿ, ಅಶ್ವಗಂಧ ತಗೋ, ಬೇರು ತಾನೇ, ಏನೂ ಆಗೋದಿಲ್ಲ ಎಂದಳು. ದೇವರ ದಯೆ, ಅದೊಂದನ್ನು ನಾನು ಮಾಡಲಿಲ್ಲ. ಬಸುರಿಯರು ಅಶ್ವಗಂಧ ತೆಗೆದುಕೊಳ್ಳಬಾರದೆಂದು ಆಮೇಲೆ ತಿಳಿಯಿತು. ಬೇರು ಎಂದ ಮಾತ್ರಕ್ಕೆ ನಿರಪಾಯವಲ್ಲ.

ಈಗ ನಮ್ಮ ಅತ್ತೆಯ ವಿಷಯಕ್ಕೆ ಬರುತ್ತೇನೆ. ಅವರು ಬಚ್ಚಲೊಲೆಯ ಬೂದಿಯನ್ನು ಎಸೆಯುವವರಲ್ಲ. ಜರಡಿ ಹಿಡಿದು, ನಯವಾದದ್ದನ್ನು ಪಾತ್ರೆ ತಿಕ್ಕಲು, ಉಳಿದದ್ದನ್ನು ತೆಂಗಿನ ಬುಡಕ್ಕೆ. ಒಂದು ಬೆಳಿಗ್ಗೆ ನಾನು ಜಗಲಿಯಲ್ಲಿ ಕೂತಿದ್ದಾಗ ಬಂದು ಪಕ್ಕದಲ್ಲಿ ಕೂತರು. ಮುಷ್ಟಿ ಬಿಚ್ಚಿದರು. ಸುಟ್ಟು ಕರಕಲಾದ ಬೆಳ್ಳಿ ಬಣ್ಣದ ಕಾಗದ. ಅಲ್ಲಲ್ಲಿ ಗುಂಡಗೆ ಮಾತ್ರೆಯ ಗುರುತು. ನಾನು ಮಾತ್ರೆಯನ್ನೇನೋ ಸುಟ್ಟಿದ್ದೆ, ಅದರ ಹಾಳೆ ಉಳಿದುಕೊಂಡಿತ್ತು.

"ಇದು ಯಾತರ ಗುಳಿಗೆ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಕಣ್ಣೀರು ಬಂತು. ಎಲ್ಲ ಹೇಳಿದೆ. ಬಸ್ಸು, ನಾಯಿ, ಏಲಕ್ಕಿ ಡಬ್ಬಿ ಎಲ್ಲ. ಬೈಯುತ್ತಾರೆ ಎಂದುಕೊಂಡೆ. ಅವರು ಬಹಳ ಹೊತ್ತು ಅಡಿಕೆ ತೋಟದ ಕಡೆ ನೋಡುತ್ತಿದ್ದರು. ಆಮೇಲೆ ಸಣ್ಣ ದನಿಯಲ್ಲಿ ತಮ್ಮ ಎರಡನೆಯ ಬಾಣಂತನದ ಕಥೆ ಹೇಳಿದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಹೆತ್ತ ಮೂರನೆಯ ವಾರದಿಂದ ನಿದ್ದೆಯಿಲ್ಲ, ಎದೆ ನಡುಕ, ಮಗುವನ್ನು ಎತ್ತಿಕೊಂಡರೆ ಎಲ್ಲಿ ಕೆಡವಿಬಿಡುತ್ತೇನೋ ಎಂಬ ಭಯ. ಗಾಳಿ ಸೋಕಿದೆ ಎಂದು ಹಿರಿಯರು ತಾಯಿತ ಕಟ್ಟಿಸಿದರು. ಮಗುವನ್ನು ಮಾತ್ರ ಬೇರೆ ಮಾಡಿ ನಾದಿನಿಯ ಹತ್ತಿರ ಕೊಟ್ಟರು. ಏಳು ತಿಂಗಳ ಮೇಲೆ ಮಗು ಕೈಗೆ ಬಂದಾಗ ಅದು ಇವರ ಮುಖ ನೋಡಿ ಅತ್ತಿತಂತೆ. ಆ ಮಗುವೇ ನನ್ನ ಯಜಮಾನರು. ಮದುವೆಯಾಗಿ ಆರು ವರ್ಷದಲ್ಲಿ ಈ ಸಂಗತಿಯನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ.

"ನಂಗೆ ಗುಳಿಗೆ ಅಂತ ಒಂದು ಇದೆ ಅಂತ್ಲೇ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ನುಂಗ್ತಿದ್ದೆ. ನಿಂಗೆ ಗೊತ್ತಿದ್ದೂ ಒಲೆಗೆ ಹಾಕಿದೆಯಲ್ಲೇ" ಎಂದರು ಅತ್ತೆ. ಬೈಗುಳ ಅಷ್ಟೇ. ಮರುದಿನ ರಾತ್ರಿಯ ರೈಲಿಗೆ ನಾವು ಮೂವರೂ ಬೆಂಗಳೂರಿಗೆ ಹೊರಟೆವು.

ನಿಮ್ಹಾನ್ಸ್ ಎಂದರೆ ನಮ್ಮ ಕಡೆ ಇವತ್ತಿಗೂ ದನಿ ತಗ್ಗಿಸಿ ಹೇಳುವ ಹೆಸರು. ಅಲ್ಲಿ ಬಸುರಿಯರಿಗೆ, ಬಾಣಂತಿಯರಿಗೆಂದೇ ಮನೋವೈದ್ಯರ ವಿಭಾಗವಿದೆ ಎಂದು ನನಗೆ ಗೊತ್ತಿರಲಿಲ್ಲ. ಹೆತ್ತ ಮೇಲೆ ಮನಸ್ಸಿನ ಕಾಯಿಲೆಯಾದ ತಾಯಿಯನ್ನು ಮಗುವಿನ ಜೊತೆಯಲ್ಲೇ ಇಟ್ಟುಕೊಂಡು ಔಷಧ ಮಾಡುವ ತಾಯಿ-ಮಗು ವಾರ್ಡು 2009ರಲ್ಲೇ ಅಲ್ಲಿ ಶುರುವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲೂ, ಆಸ್ಪತ್ರೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು ಎಂದು ಬರೆದಿದೆ. ಇದನ್ನು ಕೇಳಿದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಏನೂ ಹೇಳಲಿಲ್ಲ.

ನನ್ನನ್ನು ನೋಡಿದ ಡಾಕ್ಟರು ನನ್ನದೇ ವಯಸ್ಸಿನ ಹೆಣ್ಣುಮಗಳು. ಮೊದಲು ರಕ್ತ ಪರೀಕ್ಷೆಗೆ ಬರೆದರು. ಥೈರಾಯ್ಡ್ ಹೆಚ್ಚಾಗಿದ್ದರೂ ಎದೆ ಹೀಗೆ ಹೊಡೆದುಕೊಳ್ಳುತ್ತದೆ, ರಕ್ತ ಕಡಿಮೆಯಿದ್ದರೂ ಸುಸ್ತು, ನಡುಕ ಬರುತ್ತದೆ, ಅದನ್ನು ನೋಡದೆ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು ಎಂದರು. ಆಮೇಲೆ ನನ್ನ ಒಲೆಯ ಕಥೆ ಕೇಳಿ ನಿಟ್ಟುಸಿರು ಬಿಟ್ಟರು. ಒಂದೇ ಮಾತ್ರೆ ಬಿಟ್ಟೆ ಎಂದು ನಾನು ತಿಳಿದಿದ್ದೆ. ನಿಜವಾಗಿ ಬಿಟ್ಟದ್ದು ಎರಡು ಔಷಧಗಳನ್ನು, ಎರಡನ್ನೂ ಒಂದೇ ಏಟಿಗೆ. ಕ್ಲೋನಜೆಪಾಮ್ ಜಾತಿಯ ಔಷಧವನ್ನು ಬಹಳ ಕಾಲ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ ಕೆಲವರಿಗೆ ಫಿಟ್ಸ್ ಕೂಡ ಬರಬಹುದಂತೆ. ಬಸುರಿಗೆ ಫಿಟ್ಸ್ ಬಂದರೆ ಏನಾದೀತು ಎಂದು ಅವರು ಹೇಳಬೇಕಾಗಿರಲಿಲ್ಲ. ತಲೆಯಲ್ಲಿ ಕರೆಂಟು ಹೊಡೆದಂತಾದದ್ದು ಎಸಿಟಾಲೋಪ್ರಾಮನ್ನು ಒಮ್ಮೆಲೇ ಬಿಟ್ಟದ್ದರಿಂದ. ಇಂಥ ಔಷಧಗಳನ್ನು ಬಿಡಬೇಕಾಗಿ ಬಂದರೂ ಏಣಿ ಇಳಿದಂತೆ ಒಂದೊಂದೇ ಮೆಟ್ಟಿಲು ಇಳಿಯಬೇಕು, ಮಾಡಿನಿಂದ ಹಾರಬಾರದು.

ನಾನು ಕೇಳಬೇಕೆಂದಿದ್ದ ಪ್ರಶ್ನೆ ಒಂದೇ. "ಎರಡು ಗೆರೆ ಕಾಣುವವರೆಗೂ ಮಾತ್ರೆ ನುಂಗಿದ್ದೇನಲ್ಲ, ಮಗುವಿಗೆ ಏನಾದರೂ ಆಗಿದೆಯೇ?"

ಅವರು ಸುಳ್ಳು ಸಮಾಧಾನ ಹೇಳಲಿಲ್ಲ. ಯಾವ ಮಾತ್ರೆಯನ್ನೂ ನುಂಗದ ತಾಯಂದಿರಲ್ಲಿಯೂ ನೂರಕ್ಕೆ ಸುಮಾರು ಮೂರು ಮಕ್ಕಳು ಏನಾದರೊಂದು ಹುಟ್ಟು ನ್ಯೂನತೆಯೊಂದಿಗೆ ಬರುತ್ತವೆ, ಇದು ಯಾರ ತಪ್ಪೂ ಅಲ್ಲ ಎಂದರು. ನನ್ನ ಔಷಧದ ಜಾತಿಯವನ್ನು ಲಕ್ಷಾಂತರ ಬಸುರಿಯರು ತೆಗೆದುಕೊಂಡಿದ್ದಾರೆ. ಅಂಥ ದೊಡ್ಡ ಲೆಕ್ಕಗಳಲ್ಲಿ ಆ ಮೂರು ಎಂಬ ಅಂಕಿ ಹೆಚ್ಚಾದರೂ ತೀರ ಸ್ವಲ್ಪ, ಎಷ್ಟೋ ಅಧ್ಯಯನಗಳಲ್ಲಿ ಹೆಚ್ಚೇ ಆಗಿಲ್ಲ. ಅದೇ ಜಾತಿಯ ಪರಾಕ್ಸೆಟಿನ್ ಎಂಬ ಮಾತ್ರೆಯ ಮೇಲೆ ಮಾತ್ರ ಮಗುವಿನ ಹೃದಯದ ವಿಷಯದಲ್ಲಿ 2005ರಲ್ಲಿ ಅಮೆರಿಕದಲ್ಲಿ ಎಚ್ಚರಿಕೆ ಕೊಟ್ಟಿದ್ದರು. ಹಾಗಾಗಿ ಹೊಸದಾಗಿ ಶುರುಮಾಡುವಾಗ ಅದನ್ನು ಆರಿಸುವುದು ಕಡಿಮೆ. ಬಸುರಿಯಲ್ಲಿ ಹೊಸದಾಗಿ ಔಷಧ ಬೇಕಾದವರಿಗೆ ಹೆಚ್ಚಾಗಿ ಸರ್ಟ್ರಲಿನ್ ಕೊಡುತ್ತಾರೆ. ಹಾಗಾದರೆ ನನಗೂ ಅದನ್ನೇ ಬದಲಾಯಿಸಿ ಕೊಡಿ ಎಂದೆ. ಡಾಕ್ಟರು ತಲೆಯಾಡಿಸಿದರು. ನಿಮಗೆ ಎಸಿಟಾಲೋಪ್ರಾಮ್ ಹಿಡಿಸಿದೆ, ಮಗುವಿಗೂ ಅದು ಆಗಲೇ ತಗುಲಿದೆ, ಈಗ ಬದಲಾಯಿಸಿದರೆ ಮಗುವಿಗೆ ಒಂದರ ಬದಲು ಎರಡು ಔಷಧ ತಗುಲಿದಂತಾಗುತ್ತದೆ, ಹೊಸದು ನಿಮಗೆ ಹಿಡಿಸುತ್ತದೋ ಇಲ್ಲವೋ ಯಾರಿಗೆ ಗೊತ್ತು ಎಂದರು. ನಾನು ಈ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲ.

ನೆರೆಮನೆಯ ಹುಡುಗ ಹೇಳಿದ ಸಿ ಅಕ್ಷರದ ಮಾತನ್ನೂ ಎತ್ತಿದೆ. ಅವರು ನಕ್ಕರು. ಅಮೆರಿಕದಲ್ಲಿ 1979ರಿಂದ ಔಷಧಗಳಿಗೆ ಎ, ಬಿ, ಸಿ, ಡಿ, ಎಕ್ಸ್ ಎಂದು ಅಕ್ಷರ ಕೊಡುತ್ತಿದ್ದರಂತೆ. ಜನ ಅದನ್ನು ಶಾಲೆಯ ಅಂಕಪಟ್ಟಿಯ ಹಾಗೆ ಓದಿ ತಪ್ಪು ತಿಳಿಯುತ್ತಾರೆಂದು 2015ರಿಂದ ಅದನ್ನು ಕೈಬಿಟ್ಟು, ಅಪಾಯವೇನು, ಗೊತ್ತಿರುವುದೇನು ಎಂದು ವಾಕ್ಯಗಳಲ್ಲೇ ಬರೆಯುವ ಕ್ರಮ ತಂದರು. ಸಿ ಎಂದರೆ ಕೆಟ್ಟದ್ದು ಎಂದಲ್ಲ. ಮನುಷ್ಯರಲ್ಲಿ ಸಾಕಷ್ಟು ಪರೀಕ್ಷೆಯಾಗಿಲ್ಲ, ಲಾಭ ನಷ್ಟ ತೂಗಿ ನೋಡಿ ಎಂದು ಮಾತ್ರ ಅದರ ಅರ್ಥವಾಗಿತ್ತು.

ಆದರೂ ಬಸುರಿ ಮತ್ತು ಮಾತ್ರೆ ಎಂದರೆ ಜನ ಬೆಚ್ಚಿಬೀಳುವುದು ಸುಮ್ಮನೆ ಅಲ್ಲ. ಅದಕ್ಕೊಂದು ಕಾರಣವಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥ್ಯಾಲಿಡೊಮೈಡ್ ಎಂಬ ನಿದ್ದೆಯ ಮಾತ್ರೆ ಮಾರಾಟಕ್ಕೆ ಬಂತು. ಬಹಳ ಸುರಕ್ಷಿತ ಎಂಬ ಹೆಸರಿತ್ತು. ಬಸುರಿಯರ ವಾಂತಿಗೂ ಕೊಟ್ಟರು. 1961ರಲ್ಲಿ ಅದನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದವು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳಾ ಅಧಿಕಾರಿ, ಸಾಕಷ್ಟು ಪುರಾವೆ ಕೊಡಿ ಎಂದು ಪಟ್ಟು ಹಿಡಿದು ಅನುಮತಿ ಕೊಡದೆ ಇದ್ದದ್ದರಿಂದ ಅಲ್ಲಿನ ಎಷ್ಟೋ ಮಕ್ಕಳು ಉಳಿದವು. ಈ ಕಥೆ ಕೇಳಿದ ಮೇಲೆ, ಬಸುರಿಗೆ ಮಾತ್ರೆ ಬೇಡ ಎನ್ನುವ ಡಾಕ್ಟರ ಮೇಲೂ ನನಗೆ ಸಿಟ್ಟು ಉಳಿಯಲಿಲ್ಲ. ಭಯಕ್ಕೆ ಬೇರಿದೆ. ಆದರೆ ಕೆಲ್ಸಿಯವರು ಮಾಡಿದ್ದು ಬರೀ ಬೇಡ ಎನ್ನುವುದಲ್ಲ, ಪುರಾವೆ ತೋರಿಸಿ ಎಂದು ಕೇಳಿದ್ದು. ನನ್ನ ಮಾತ್ರೆಗೆ ಪುರಾವೆಗಳಿದ್ದವು. ಅವನ್ನು ನೋಡದೆ ಒಲೆಗೆ ಹಾಕಿದ್ದು ನಾನು.

ಕೊನೆಗೆ ಡಾಕ್ಟರು ಒಂದು ಹಾಳೆಯ ನಡುವೆ ಗೆರೆ ಎಳೆದರು. ಒಂದು ಕಡೆ ಔಷಧದಿಂದ ಆಗಬಹುದಾದ್ದು, ಇನ್ನೊಂದು ಕಡೆ ಕಾಯಿಲೆಯಿಂದ ಆಗಬಹುದಾದ್ದು. ನಾನು ಅಲ್ಲಿಯವರೆಗೆ ಮೊದಲನೆಯ ಪಟ್ಟಿಯನ್ನಷ್ಟೇ ನೋಡಿದ್ದೆ. ಎರಡನೆಯ ಪಟ್ಟಿಯೊಂದು ಇದೆ ಎಂಬುದೇ ನನ್ನ ತಲೆಗೆ ಹೊಳೆದಿರಲಿಲ್ಲ. ಅದರಲ್ಲಿ ಬರೆದಿದ್ದು: ಊಟವಿಲ್ಲ, ನಿದ್ದೆಯಿಲ್ಲ, ಮೂರು ಕಿಲೋ ಕಡಿಮೆ. ತಾಯಿಯ ತೀವ್ರ ಆತಂಕಕ್ಕೂ ದಿನ ತುಂಬುವ ಮೊದಲೇ ಹೆರಿಗೆಯಾಗುವುದಕ್ಕೂ ಮಗುವಿನ ತೂಕ ಕಡಿಮೆಯಾಗುವುದಕ್ಕೂ ನಂಟು ಕಂಡಿದೆ. ಹೆತ್ತ ಮೇಲೆ ಖಿನ್ನತೆ ಬರುವ ಸಂಭವ ಹೆಚ್ಚು. ಹಿಂದೆ ಖಿನ್ನತೆಯಿದ್ದ ಬಸುರಿಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಔಷಧ ಬಿಟ್ಟವರಲ್ಲಿ ನೂರಕ್ಕೆ 68 ಮಂದಿಗೆ ಕಾಯಿಲೆ ಮರುಕಳಿಸಿತ್ತು, ಮುಂದುವರಿಸಿದವರಲ್ಲಿ ನೂರಕ್ಕೆ 26. ಅದು ಖಿನ್ನತೆಯ ಲೆಕ್ಕ, ಎಲ್ಲರಿಗೂ ಹಾಗೇ ಆಗುತ್ತದೆಂದಲ್ಲ, ಕಾಯಿಲೆ ಹಗುರವಾಗಿದ್ದವರು ಔಷಧವಿಲ್ಲದೆ ಮಾತುಕತೆಯ ಚಿಕಿತ್ಸೆಯಿಂದಲೇ ದಾಟಿಹೋಗುವುದೂ ಉಂಟು ಎಂದು ಅವರೇ ಹೇಳಿದರು. ಆಮೇಲೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ: "ಅಪಾಯ ಇರುವ ದಾರಿ ಒಂದು, ಅಪಾಯವೇ ಇಲ್ಲದ ದಾರಿ ಇನ್ನೊಂದು ಎಂದು ನೀವು ತಿಳಿದಿದ್ದೀರಿ. ಎರಡರಲ್ಲೂ ಅಪಾಯವಿದೆ. ನಿಮ್ಮ ಮಟ್ಟಿಗೆ ಯಾವುದು ಕಡಿಮೆ ಎಂದು ನೋಡಬೇಕು."

ಎಸಿಟಾಲೋಪ್ರಾಮ್ ಒಂದನ್ನೇ, 5 ಮಿಲಿಗ್ರಾಂನಿಂದ ಶುರುಮಾಡಿ 10ಕ್ಕೆ ತಂದರು. ಕ್ಲೋನಜೆಪಾಮ್ ಬಿಟ್ಟು ಮೂರು ವಾರ ಕಳೆದೇಹೋಗಿದ್ದರಿಂದ ಅದನ್ನು ಮತ್ತೆ ಕೊಡಲಿಲ್ಲ. ಅದರ ಜಾತಿಯ ಔಷಧವನ್ನು ಕೊನೆಯ ತಿಂಗಳುಗಳಲ್ಲಿ ದಿನವೂ ತೆಗೆದುಕೊಂಡರೆ ಮಗು ಹುಟ್ಟಿದಾಗ ಮಂಕಾಗಿ, ಸಡಿಲವಾಗಿ, ಹಾಲು ಚೀಪಲು ಶಕ್ತಿಯಿಲ್ಲದೆ ಇರಬಹುದಂತೆ. ಜೊತೆಗೆ, ಆತಂಕ ಬಂದಾಗ ಅದರಿಂದ ಓಡದೆ ಎದುರಿಗೆ ಕೂರುವುದು ಹೇಗೆಂದು ಇನ್ನೊಬ್ಬರು ವಾರಕ್ಕೊಮ್ಮೆ ಹೇಳಿಕೊಟ್ಟರು. ಉಸಿರನ್ನು ನಿಧಾನವಾಗಿ ಬಿಡುವುದು, ಹೆದರಿಕೆಯ ಯೋಚನೆಯನ್ನು ಬರೆದಿಟ್ಟು ಅದಕ್ಕೆ ಸಾಕ್ಷಿ ಕೇಳುವುದು. ಮೊದಲೆರಡು ಸಲ ಎದುರಿಗೇ, ಆಮೇಲೆ ಫೋನಿನಲ್ಲಿ. ಮೂರನೆಯ ವಾರದ ಹೊತ್ತಿಗೆ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿದೆ. ಬೆಳಿಗ್ಗೆ ಎದ್ದು ಎರಡು ತಟ್ಟೆ ಕಡುಬು ತಿಂದೆ. ಅತ್ತೆ ನೋಡುತ್ತಲೇ ಇದ್ದರು.

ಡಾಕ್ಟರು ನನ್ನ ಕೈಗೊಂದು ಕಾಗದ ಕೊಟ್ಟಿದ್ದರು, ಹೆರಿಗೆ ಡಾಕ್ಟರಿಗೆಂದು. ನಾವು ಬೇರೊಬ್ಬರ ಹತ್ತಿರ ಹೋದೆವು. ಅವರು ಕಾಗದವನ್ನು ಎರಡು ಸಲ ಓದಿ, ತಾಯಿ ಕಾರ್ಡಿನಲ್ಲಿ ಕಬ್ಬಿಣಾಂಶದ ಮಾತ್ರೆಯ ಕೆಳಗೇ ನನ್ನ ಮಾತ್ರೆಯ ಹೆಸರನ್ನೂ ಬರೆದರು. ರಕ್ತದೊತ್ತಡ, ತೂಕ, ಕಬ್ಬಿಣ, ಎಸಿಟಾಲೋಪ್ರಾಮ್. ಎಲ್ಲ ಒಂದೇ ಸಾಲಿನಲ್ಲಿ ಕೂತಿದ್ದವು. ಆ ಅಕ್ಷರಗಳನ್ನು ನೋಡಿದಾಗ ನನಗಾದ ಹಗುರವನ್ನು ಏನೆಂದು ಹೇಳಲಿ! ಸೆಪ್ಟೆಂಬರಿನಲ್ಲಿ ಐದನೆಯ ತಿಂಗಳ ಸ್ಕ್ಯಾನ್ ಆಯಿತು. ಬೆನ್ನು, ಹೃದಯ, ಕೈಕಾಲು ಎಲ್ಲ ಸರಿಯಾಗಿದೆ ಎಂದರು.

ಏಳನೆಯ ತಿಂಗಳಿನಲ್ಲಿ ಮತ್ತೆ ಎದೆಬಡಿತ ಹೆಚ್ಚಿತು. ಸೀಮಂತಕ್ಕೆ ನೆಂಟರು ಬರುವವರಿದ್ದರು, ಅಡಿಕೆ ಕೊಯ್ಲಿನ ಗಡಿಬಿಡಿ ಬೇರೆ. ಔಷಧ ಕೈಕೊಟ್ಟಿತೇ ಎಂದು ಗಾಬರಿಯಾದೆ. ಹಾಗಲ್ಲವಂತೆ. ಬಸುರಿಯಲ್ಲಿ ದೇಹದ ರಕ್ತದ ಪ್ರಮಾಣ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ, ಪಿತ್ತಜನಕಾಂಗ ಕೆಲವು ಔಷಧಗಳನ್ನು ಬೇಗ ಕರಗಿಸಿಬಿಡುತ್ತದೆ. ಒಂದು ಚೊಂಬು ನೀರಿಗೆ ಹಾಕಿದ ಉಪ್ಪನ್ನೇ ಒಂದೂವರೆ ಚೊಂಬಿಗೆ ಹಾಕಿದರೆ ಸಪ್ಪೆಯಾಗುವುದಿಲ್ಲವೇ? ಡಾಕ್ಟರು 15ಕ್ಕೆ ಏರಿಸಿದರು. ಬಸುರಿ ಎಂದ ಮೇಲೆ ಮಾತ್ರೆ ಇಳಿಸಬೇಕು ಎಂದಷ್ಟೇ ತಿಳಿದಿದ್ದ ನನಗೆ ಏರಿಸುವುದು ಸಂಕಟವಾಯಿತು. ಆದರೆ ಅರೆ ಗುಣವಾಗುವಷ್ಟು ಮಾತ್ರೆ ತೆಗೆದುಕೊಂಡರೆ ಮಗುವಿಗೆ ಔಷಧವೂ ತಗುಲುತ್ತದೆ, ಕಾಯಿಲೆಯೂ ತಗುಲುತ್ತದೆ ಎಂದರು ಅವರು. ಇದು ಲೆಕ್ಕಕ್ಕೆ ಸರಿ ಎನಿಸಿತು.

ಸೀಮಂತದ ದಿನ ಹಸಿರು ಬಳೆ ತೊಟ್ಟು ಕೂತಿದ್ದೆ. ಎಲೆಯ ತುಂಬ ಬಯಕೆ ಊಟದ ತಿಂಡಿಗಳು. ಊಟ ಮುಗಿಯುತ್ತಿದ್ದಂತೆ ಅತ್ತೆ ಒಳಗಿನಿಂದ ಒಂದು ಲೋಟ ನೀರು, ಅಂಗೈಯಲ್ಲಿ ಮಾತ್ರೆ ಹಿಡಿದು ಬಂದರು. ಅದೆಂಥದ್ದು ಎಂದು ನೆಂಟರಲ್ಲೊಬ್ಬರು ಕೇಳಿದರು. "ಅವಳ ಗುಳಿಗೆ" ಎಂದರು ಅತ್ತೆ. ಮತ್ತೊಂದು ಮಾತಿಗೆ ಅವಕಾಶ ಕೊಡಲಿಲ್ಲ.

2019ರ ಫೆಬ್ರುವರಿಯಲ್ಲಿ ಮಗಳು ಹುಟ್ಟಿದಳು. ಎರಡು ಕಿಲೋ ಒಂಬೈನೂರು ಗ್ರಾಂ. ಕೊನೆಯ ತಿಂಗಳುಗಳಲ್ಲಿ ಈ ಜಾತಿಯ ಔಷಧ ತೆಗೆದುಕೊಂಡ ತಾಯಂದಿರ ಹತ್ತು ಮಕ್ಕಳಲ್ಲಿ ಸುಮಾರು ಮೂರು ಮಕ್ಕಳು ಮೊದಲ ಕೆಲವು ದಿನ ನಡುಗುವುದು, ಸಿಡುಕುವುದು, ಹೆಚ್ಚು ಅಳುವುದು ಉಂಟು ಎಂದು ಮೊದಲೇ ಹೇಳಿದ್ದರು. ಅಪರೂಪಕ್ಕೆ, ಸಾವಿರಕ್ಕೆ ಮೂರರಷ್ಟು ಮಕ್ಕಳಿಗೆ, ಶ್ವಾಸಕೋಶದ ರಕ್ತದೊತ್ತಡದ ತೊಂದರೆ ಬರಬಹುದು, ಔಷಧವಿಲ್ಲದಿದ್ದರೂ ಅದು ಸಾವಿರಕ್ಕೆ ಇಬ್ಬರ ಹತ್ತಿರ ಇದ್ದೇ ಇದೆ. ಅದಕ್ಕಾಗಿಯೇ ಮಕ್ಕಳ ಡಾಕ್ಟರಿರುವ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿಕೊಂಡೆವು. ನನ್ನ ಮಗಳು ಎರಡು ದಿನ ಗಲ್ಲ ನಡುಗಿಸುತ್ತಾ ಅತ್ತಳು. ಆ ನಡುಕ ನೋಡಿ ನಾನೂ ಅತ್ತೆ. ಗೊತ್ತಿದ್ದರೂ ಕರುಳು ಕೇಳುವುದಿಲ್ಲ. ಡಾಕ್ಟರು ಬೆತ್ತಲೆ ಮೈಯಲ್ಲೇ ಎದೆಗೆ ಒರಗಿಸಿಕೊಳ್ಳಿ, ಬೆಚ್ಚಗಿಡಿ, ಪದೇ ಪದೇ ಹಾಲು ಕೊಡಿ ಎಂದರು. ನಾಲ್ಕನೆಯ ದಿನ ಸುಮ್ಮನಾದಳು. ಎದೆಹಾಲನ್ನೂ ಕುಡಿಸಿದೆ. ಹಾಲಿನಲ್ಲಿ ಈ ಔಷಧ ಸ್ವಲ್ಪ ಮಾತ್ರ ಹೋಗುತ್ತದೆ, ಮಗು ಅತಿಯಾಗಿ ನಿದ್ದೆ ಮಾಡುತ್ತಿದೆಯೇ, ತೂಕ ಏರುತ್ತಿದೆಯೇ ನೋಡುತ್ತಿರಿ ಎಂದಿದ್ದರು. ತೂಕ ಏರಿತು. ಹಾಲು ಕುಡಿದು ಕೂಗುವ ದನಿಯೂ ಏರಿತು.

ಗೆಳತಿಯರೇ, ನನ್ನ ಕಥೆಯನ್ನು ನಿಮ್ಮ ಚೀಟಿ ಮಾಡಿಕೊಳ್ಳಬೇಡಿ. ಮನಸ್ಸಿನ ಮಾತ್ರೆಗಳೆಲ್ಲ ಒಂದೇ ಅಲ್ಲ. ಫಿಟ್ಸಿಗೂ ಮನಸ್ಸಿನ ಏರಿಳಿತದ ಕಾಯಿಲೆಗೂ ಕೊಡುವ ವಾಲ್ಪ್ರೊಯೇಟ್ ಎಂಬ ಔಷಧ ಹೊಟ್ಟೆಯ ಮಗುವಿಗೆ ನಿಜವಾಗಿಯೂ ಕೆಡುಕು ಮಾಡುತ್ತದೆ, ನೂರಕ್ಕೆ ಹತ್ತರಷ್ಟು ಮಕ್ಕಳಲ್ಲಿ ಹುಟ್ಟು ನ್ಯೂನತೆ ಬರುತ್ತದೆ. ಅದನ್ನು ತೆಗೆದುಕೊಳ್ಳುವವರು ಬಸಿರಾಗುವ ಮೊದಲೇ ಡಾಕ್ಟರ ಹತ್ತಿರ ಹೋಗಿ ಬದಲಾಯಿಸಿಕೊಳ್ಳಬೇಕು. ಬಸಿರೆಂದು ತಿಳಿದ ಮೇಲಾದರೂ ತಾವಾಗಿ ನಿಲ್ಲಿಸದೆ ಅವತ್ತೇ ಹೋಗಬೇಕು. ಯಾವ ಮಾತ್ರೆಯಾದರೂ ಸರಿ, ಮಗು ಬೇಕೆಂದುಕೊಂಡ ದಿನವೇ ಹೋಗಿ ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ಮಗುವಿನ ಮಿದುಳು, ಬೆನ್ನುಹುರಿಗೆ ರೂಪು ಕೊಡುವ ನಾಳ ಬಸಿರು ನಿಂತ 28ನೆಯ ದಿನದ ಹೊತ್ತಿಗೇ ಮುಚ್ಚಿಕೊಂಡಿರುತ್ತದೆ, ಎಷ್ಟೋ ಜನರಿಗೆ ಎರಡು ಗೆರೆ ಕಾಣುವುದೇ ಆ ಹೊತ್ತಿಗೆ. ನಿಮ್ಮ ಮಾತ್ರೆಯಲ್ಲಿ ಒಂದೇ ಔಷಧವಿದೆಯೋ ಎರಡಿದೆಯೋ ಹಾಳೆಯ ಹಿಂಬದಿ ಓದಿ. ಹಾಳೆಯನ್ನು ಎಸೆಯದೆ ಡಾಕ್ಟರಿಗೆ ತೋರಿಸಿ. ಮನಸ್ಸಿನ ಡಾಕ್ಟರಿಗೆ ಬಸಿರಿನ ವಿಷಯವನ್ನೂ ಹೆರಿಗೆ ಡಾಕ್ಟರಿಗೆ ಮಾತ್ರೆಯ ವಿಷಯವನ್ನೂ ಹೇಳಿ. ಬೆಂಗಳೂರು ದೂರವಾದವರಿಗೆ ಈಗ 14416 ಎಂಬ ಸರ್ಕಾರದ ಟೆಲಿ ಮಾನಸ್ ಫೋನು ಇದೆ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎನಿಸಿದರೆ, ಮಗುವಿಗೋ ನಿಮಗೋ ಏನಾದರೂ ಮಾಡಿಕೊಂಡೇನು ಎನಿಸಿದರೆ ಮಾತ್ರ ಫೋನು ಹಿಡಿದು ಕಾಯಬೇಡಿ. ಮನೆಯವರನ್ನು ಎಬ್ಬಿಸಿ, ಆಸ್ಪತ್ರೆಗೆ ಹೋಗಿ.

ನನ್ನ ಮಗಳಿಗೆ ಈಗ ಶಾಲೆಯ ವಯಸ್ಸು. ನಾನು ಈಗಲೂ ಮಾತ್ರೆ ತೆಗೆದುಕೊಳ್ಳುತ್ತೇನೆ, 5 ಮಿಲಿಗ್ರಾಂ. ಒಮ್ಮೆ ಡಾಕ್ಟರ ಸಲಹೆಯಂತೆ ಇಳಿಸಿ ಇಳಿಸಿ ಪೂರ್ತಿ ಬಿಟ್ಟಿದ್ದೆ, ಒಂದು ವರ್ಷ ಚೆನ್ನಾಗಿದ್ದು ಮತ್ತೆ ಬೇಕಾಯಿತು. ಅದರಲ್ಲಿ ಸೋಲೇನೂ ಇಲ್ಲ. ಏಲಕ್ಕಿ ಡಬ್ಬಿಯಲ್ಲಿ ಈಗ ಏಲಕ್ಕಿಯೇ ಇದೆ. ನನ್ನ ಮಾತ್ರೆ ಅಡುಗೆಮನೆಯ ಕಿಟಕಿಯ ಮೇಲೆ, ಅತ್ತೆಯ ಬಿ.ಪಿ. ಮಾತ್ರೆಯ ಪಕ್ಕದಲ್ಲಿ. ರಾತ್ರಿ ಊಟವಾದ ಮೇಲೆ ಮಗಳು ಎರಡು ಲೋಟ ನೀರು ತುಂಬಿಸಿ ತರುತ್ತಾಳೆ. ಅಜ್ಜಿಗೊಂದು, ಅಮ್ಮನಿಗೊಂದು.